ದ್ಯಾವಮ್ಮ ಜಗಳ ತೆಗೆಯುತ್ತಿದ್ದ ಹೊತ್ತು

ಸಿದ್ದಗಂಗಮ್ಮನ ಮುಂದಿನ ಹಲ್ಲು ಮುರಿದದ್ದು ತೊಂಬತ್ತಾರನೇ ಇಸವಿಯ ಡಿಸೆಂಬರಿನಲ್ಲಿ, ಅವಳದೇ ತೋಟದ ಮೂರನೇ ಸಾಲಿನಲ್ಲಿ, ಬೆಳಗಿನ ಒಂಬತ್ತೂವರೆಗೆ. ಹೊಡೆದವಳು ದ್ಯಾವಮ್ಮ. ಹೊಡೆದದ್ದು ಕಾಫಿ ಕೊಂಬೆ ಬಗ್ಗಿಸುವ ಕೊಕ್ಕೆಕೋಲಿನಿಂದ.

ಅವತ್ತು ಎಂಟು ಗಂಟೆಗೆ ಹತ್ತು ಜನ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯಲು ಇಳಿದಿದ್ದರು. ನಮ್ಮ ಮೂಡಿಗೆರೆ ಸೀಮೆಯಲ್ಲಿ ಎರಡು ಮೂರು ಎಕರೆಯವರು ಕೂಲಿಯಾಳನ್ನು ನೆಚ್ಚಿಕೊಂಡರೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಇವತ್ತು ನಿನ್ನ ತೋಟಕ್ಕೆ ನಾನು, ನಾಳೆ ನನ್ನ ತೋಟಕ್ಕೆ ನೀನು ಎಂದು ಮನೆಗೊಬ್ಬರಂತೆ ಹೋಗುತ್ತೇವೆ. ಅದಕ್ಕೆ ಮುಯ್ಯಾಳು ಎನ್ನುತ್ತೇವೆ. ದ್ಯಾವಮ್ಮನ ಕೈ ಬಲು ಚುರುಕು. ಅವಳು ಒಂದು ಗಿಡ ಮುಗಿಸುವಾಗ ಉಳಿದವರು ಅರ್ಧ ಗಿಡದಲ್ಲಿರುತ್ತಿದ್ದರು. ಒಂಬತ್ತು ದಾಟಿದ ಮೇಲೆ ಅವಳ ಮುಖ ಗಂಟಾಯಿತು.

"ಏ ಸಿದ್ಗಂಗಿ, ನನ್ನ ಸಾಲಿಗೆ ಯಾಕೆ ಕೈ ಹಾಕ್ದೆ?"

"ಎಂಥ ನಿನ್ನ ಸಾಲೇ ಮಾರಾಯ್ತಿ. ತೋಟ ನಂದು. ಸಾಲೂ ನಂದೇ."

"ಓಹೋ. ಮೂರು ಎಕರೆಗೇ ಇಷ್ಟು ಧಿಮಾಕಾ? ಮುನ್ನೂರು ಎಕರೆ ಇದ್ದಿದ್ರೆ ನಮ್ಮನ್ನ ಮೆಟ್ಟಿ ನಡೀತಿದ್ದೆ."

"ಬೆಳಿಗ್ಗೆ ಬೆಳಿಗ್ಗೆ ಎಂಥ ಹಿಡ್ಕಂತೇ ನಿಂಗೆ? ಬಾಯಿ ಮುಚ್ಕೊಂಡು ಕೊಯ್ಯಿ."

ಅಷ್ಟು ಸಾಕಾಯಿತು. ದ್ಯಾವಮ್ಮ ಕೋಲು ಬೀಸಿದಳು. ಸಿದ್ದಗಂಗಮ್ಮ ಬಾಯಿ ಹಿಡಿದುಕೊಂಡು ಕೂತಳು, ಬೆರಳ ಸಂದಿಯಿಂದ ರಕ್ತ ಇಳಿದು ಕೊಯ್ದಿಟ್ಟ ಹಣ್ಣಿನ ಮೇಲೆ ಬಿತ್ತು. ದ್ಯಾವಮ್ಮ ಚೀಲ ಬಿಚ್ಚಿ ಎಸೆದು, ಹಿಂತಿರುಗಿ ನೋಡದೆ ಇಳಿಜಾರಿನಲ್ಲಿ ಓಡಿದಳು. ಹೊಡೆದವಳು ಹೆದರಿ ಓಡಿದಳೆಂದು ಎಲ್ಲರೂ ತಿಳಿದರು. ಅವಳು ಓಡಿದ್ದು ಹೆದರಿ ಅಲ್ಲ. ಕೆಳಗಿನ ಹಲಸಿನ ಮರದ ಮರೆ ತಲುಪುವ ಮೊದಲೇ ಸೀರೆ ಒದ್ದೆಯಾಗುತ್ತದೆಯೋ ಏನೋ ಎಂಬ ದಿಗಿಲಿಗೆ. ಅವತ್ತು ಮರದ ಮರೆ ತಲುಪಲಿಲ್ಲ.

ಇದನ್ನು ದ್ಯಾವಮ್ಮನೇ ಹೇಳಿದ್ದು, ಎಷ್ಟೋ ವರ್ಷ ಕಳೆದ ಮೇಲೆ, ನಮ್ಮ ಜಗಲಿಯಲ್ಲಿ ಕೂತು, ನನ್ನ ಹೆಂಡತಿಯ ಎದುರಿಗೆ. "ಬರೀರಿ, ಮುಚ್ಚಿಡಬೇಡಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ಮೂರರ ಡಿಸೆಂಬರಿನಲ್ಲಿ ದ್ಯಾವಮ್ಮನಿಗೆ ಮಗಳು ದೀಪಶ್ರೀ ಹುಟ್ಟಿದಳು. ಎರಡು ಹಗಲು ಎರಡು ರಾತ್ರಿ ನೋವು ತಿಂದು ಹೆತ್ತದ್ದು. ಮಗು ದಪ್ಪ, ತಾಯಿ ಸಣ್ಣ. ಸೂಲಗಿತ್ತಿ ಮರಿಯಮ್ಮ ಹೊಟ್ಟೆಯ ಮೇಲೆ ಮೊಣಕೈ ಊರಿ "ಮುಕ್ಕೇ, ಮುಕ್ಕೇ" ಎಂದು ಒತ್ತಿದಳು. ಹದಿನೈದನೇ ದಿನಕ್ಕೆ ಹಣ್ಣಿನ ಮೂಟೆ ಬಾಣಂತಿಯ ತಲೆಗೆ ಬಂತು. ಹಣ್ಣು ಕಾಯುವುದಿಲ್ಲವಲ್ಲ. ಮೂಟೆ ಹೊತ್ತು ಕಣದ ದಿಬ್ಬ ಹತ್ತುವಾಗ ಕಾಲಿನ ಮೇಲೆ ಬಿಸಿಯಾಗಿ ಇಳಿಯಿತು. ಮರಿಯಮ್ಮನನ್ನು ಕೇಳಿದಳು. "ಬುಡ ಸಡಿಲ ಆಗಿದೆ ಕಣೆ. ನಡು ಬಿಗಿ" ಎಂದು ಮರಿಯಮ್ಮ ಹಳೆಯ ಸೀರೆಯ ಪಟ್ಟಿಯನ್ನು ಹೊಟ್ಟೆಗೆ ಎಂಟು ಸುತ್ತು ಸುತ್ತಿ ಗಂಟು ಹಾಕಿದಳು. ನಮ್ಮ ಕಡೆ ಹೆತ್ತವರಿಗೆಲ್ಲ ಕಟ್ಟುತ್ತಾರೆ, ತಿಂಗಳೊಪ್ಪತ್ತಿಗೆ ಬಿಚ್ಚುತ್ತಾರೆ. ದ್ಯಾವಮ್ಮ ಬಿಚ್ಚಲಿಲ್ಲ. ಸೋರಿದಷ್ಟೂ ಬಿಗಿದಳು. ಬಿಗಿದಷ್ಟೂ ಸೋರಿತು.

ನೀರು ಕುಡಿಯುವುದನ್ನು ಬಿಟ್ಟಳು. ಬರೀ ಬೆಲ್ಲದ ಕಾಫಿ, ದಿನಕ್ಕೆ ಆರು ಲೋಟ. ಕೆಮ್ಮಿದರೆ ಹನಿ, ನಕ್ಕರೆ ಹನಿ. ಅವಸರ ಹುಟ್ಟಿತೆಂದರೆ ತಡೆಯಲಿಕ್ಕೇ ಆಗದು. ಅರ್ಧ ಗಂಟೆಗಿಂತ ಹೆಚ್ಚು ನಾಲ್ಕು ಜನರ ನಡುವೆ ಕೂರಲು ಹೆದರಿಕೆ. ಎದ್ದು ಹೋದರೆ "ಎಲ್ಲಿಗೆ?" ಎನ್ನುತ್ತಾರೆ, ಐದು ನಿಮಿಷಕ್ಕೆ ಮತ್ತೆ ಎದ್ದರೆ ನಗುತ್ತಾರೆ. ಜಗಳ ಮಾಡಿ ಎದ್ದವಳನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷದ ಅವಳ ಜಗಳದ ಬೇರು ಇಷ್ಟೇ.

ಆದರೆ ಜಗಳ ಎಂದರೆ ಬರೀ ಬಾಯಿಮಾತಾಗಿ ಉಳಿಯುವುದಿಲ್ಲ. ತೊಂಬತ್ತೆಂಟರಲ್ಲಿ ಕಳಸದಿಂದ ಬರುವಾಗ ಬಸ್ಸು ಕೊಟ್ಟಿಗೆಹಾರದ ಈಚೆ ತಿರುವಿನಲ್ಲಿತ್ತು. ಇಳಿಸು ಎಂದಳು. ಇಲ್ಲಿ ಸ್ಟಾಪಿಲ್ಲ ಎಂದ ಕಂಡಕ್ಟರ್. ಅವನ ಕೊರಳಿನ ವಿಶಲ್ ದಾರ ಹಿಡಿದು ಎಳೆದಳು. ಅವನು ನೂಕಿದ, ಅವಳು ಅವನ ಮುಂಗೈ ಕಚ್ಚಿದಳು. ಹಲ್ಲು ಮಾಂಸಕ್ಕೆ ಇಳಿಯಿತು. ಬಸ್ಸು ನಿಂತಿತು. ಜನ ಅವಳನ್ನು ರಟ್ಟೆ ಹಿಡಿದು ರಸ್ತೆಗೆ ಎಸೆದರು. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಬಸ್ಸು ಮರೆಯಾದ ಮೇಲೆ ಅವಳು ಚರಂಡಿ ದಾಟಿ ಪೊದೆಯ ಹಿಂದೆ ಕೂತಳು. ಜೀವಕ್ಕೆ ಹಾಯೆನಿಸಿತು ಎಂದಳು.

ಹಲ್ಲು ಹೋದ ವರ್ಷದಿಂದಲೇ ಮುಯ್ಯಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕರೆಯದವರು ಬರುವುದೂ ಇಲ್ಲ. ಎರಡೂವರೆ ಎಕರೆಯ ಹಣ್ಣನ್ನು ಗಂಡ ರುದ್ರಪ್ಪ, ಅವಳು, ಮಗಳು ಮೂವರೇ ಕೊಯ್ದರು. ಅರ್ಧ ನೆಲಕ್ಕೆ ಉದುರಿತು. ರುದ್ರಪ್ಪ ಮಾತಿಲ್ಲದ ಮನುಷ್ಯ. ಮಾತಿಲ್ಲದವನ ಸಿಟ್ಟು ಒಳಗೇ ಕೊಳೆಯುತ್ತದೆ.

ಅದು ಹೊರಬಿದ್ದದ್ದು ಎರಡು ಸಾವಿರದ ಮೂರರ ನವೆಂಬರಿನಲ್ಲಿ. ದೀಪಶ್ರೀಗೆ ವಸ್ತಾರೆ ಕಡೆಯ ಹುಡುಗ ದರ್ಶನ್ ಗೊತ್ತಾಗಿದ್ದ. ಮಾತುಕತೆಗೆ ಗಂಡಿನ ಕಡೆಯವರು ಬಂದು ಜಗಲಿ ತುಂಬಾ ಕೂತರು. ರುದ್ರಪ್ಪನ ಅಣ್ಣ ಜಯದೇವಪ್ಪ ಮನೆಯ ಹಿರಿಯನಾಗಿ ಬಾಗಿಲಿಗೆ ಅಡ್ಡ ಕೂತಿದ್ದ. ಹೆಣ್ಣಿನ ತಾಯಿ ಎಂದು ದ್ಯಾವಮ್ಮನನ್ನೂ ಕಂಬದ ಬುಡದಲ್ಲಿ ಕೂರಿಸಿದ್ದರು, ಅಡಿಕೆ ಕತ್ತರಿಸಿ ಎಲೆಯ ತಟ್ಟೆ ತುಂಬಲಿ ಎಂದು. ಮಾತು ಅರ್ಧ ಗಂಟೆ ದಾಟಿತು. ದ್ಯಾವಮ್ಮನ ಮೊಣಕಾಲು ಒಂದಕ್ಕೊಂದು ಒತ್ತಿಕೊಂಡವು.

"ಮಂಟಪ ಯಾವುದು ಅಂತ ನಮ್ಮನ್ನ ಕೇಳೋರಿಲ್ವಾ?" ಎಂದಳು, ಎದ್ದೇಳಲು ನೆಪಕ್ಕೆ. "ಎಲ್ಲಾ ನೀವು ನೀವೇ ಮುಗ್ಸ್ಕಂಡ್ರೆ ನಾನ್ಯಾಕೆ ಇಲ್ಲಿ? ನಾನು ಒಳಗೆ ಹೋಗ್ತೀನಿ."

ಜಯದೇವಪ್ಪ ಕೈ ಚಾಚಿ ಅವಳ ಮುಂಗೈ ಹಿಡಿದ. "ಕೂತ್ಕೊಳೆ ದ್ಯಾವಿ. ಇವತ್ತು ನಿನ್ನ ಆಟ ನಡಿಯಲ್ಲ. ಬೀಗರ ಎದುರಿಗೆ ಮಾನ ತೆಗೀಬೇಡ."

"ಕೈ ಬಿಡಿ ಭಾವ."

"ಬಿಡಲ್ಲ. ಕೂತು ಮಾತು ಮುಗ್ಸು."

"ಬಿಡಿ ಅಂದೆ."

ಅವನು ಇನ್ನೂ ಬಿಗಿ ಹಿಡಿದ. ಅವಳ ಬಲಗೈಯಲ್ಲಿ ಅಡಕತ್ತರಿ ಇತ್ತು. ಅಡಿಕೆಗೆ ಒತ್ತುವಂತೆಯೇ ಒತ್ತಿದಳು. ಜಯದೇವಪ್ಪನ ಕಿರುಬೆರಳು ಮತ್ತು ಪಕ್ಕದ ಬೆರಳು ಮೊದಲ ಗೆಣ್ಣಿಗೆ ತುಂಡಾಗಿ ಎಲೆಯ ತಟ್ಟೆಯೊಳಗೆ ಬಿದ್ದವು. ಬೀಗರ ಮನೆಯ ಮುದುಕರೊಬ್ಬರು ಅಡಿಕೆಗೆ ಕೈ ಚಾಚಿದ್ದವರು ಹಾಗೆಯೇ ಕೈ ಹಿಂದಕ್ಕೆಳೆದುಕೊಂಡರು. ದ್ಯಾವಮ್ಮ ನೆತ್ತರ ತುಳಿದುಕೊಂಡು ಹಿತ್ತಲಿಗೆ ಓಡಿದಳು.

ಬೀಗರು ಹೋದ ಮೇಲೆ, ಹಗಲು ಇನ್ನೂ ಇರುವಾಗಲೇ, ರುದ್ರಪ್ಪ ಒನಕೆ ಎತ್ತಿಕೊಂಡ. ಇಪ್ಪತ್ತು ವರ್ಷದಲ್ಲಿ ಹೆಂಡತಿಗೆ ಕೈ ಎತ್ತಿದವನಲ್ಲ. ಅವತ್ತು ಎಲ್ಲವನ್ನೂ ಒಟ್ಟಿಗೆ ತೀರಿಸಿದ. ಮೂರನೇ ಏಟಿಗೆ ಅವಳ ಬಲ ಭುಜದ ಕೀಲು ತಪ್ಪಿ, ತೋಳು ಕೊಳೆತ ಬಾಳೆಯೆಲೆಯ ಹಾಗೆ ಜೋತು ಬಿತ್ತು. ಅವಳು ಕೂಗಲಿಲ್ಲ. ಒದ್ದೆ ಸೀರೆಯಲ್ಲೇ ಬಿದ್ದಿದ್ದಳು. ಏಟಿಗೆ ಒದ್ದೆಯಾಯಿತೆಂದು ಅವನು ತಿಳಿದ.

ಪೊಲೀಸ್ ಸ್ಟೇಷನ್ನಿನಲ್ಲಿ ರಾಜಿಯಾಯಿತು. ದರ್ಶನ್ ಆ ಹುಡುಗಿಯೇ ಬೇಕೆಂದು ಹಟ ಹಿಡಿದದ್ದರಿಂದ ಸಂಬಂಧ ಮುರಿಯಲಿಲ್ಲ, ಆದರೆ ಒಂದು ಕಟ್ಟಳೆ ಬಂತು. ತಾಯಿ ಮಂಟಪ ಹತ್ತಬಾರದು. ಧಾರೆ ಎರೆಯುವುದು ಜಯದೇವಪ್ಪ ಮತ್ತು ಅವನ ಹೆಂಡತಿ ಮುದ್ದಮ್ಮ. ರುದ್ರಪ್ಪ ತಲೆ ಆಡಿಸಿದ. ಮದುವೆ ಮೇ ತಿಂಗಳಿಗೆ ಗೊತ್ತಾಯಿತು.

"ಅವ್ವ, ನೀನು ಛತ್ರಕ್ಕೆ ಬರೋದೇ ಬೇಡ" ಎಂದಳು ದೀಪಶ್ರೀ. ಅತ್ತು ಹೇಳಲಿಲ್ಲ. ಬೆಂಡೆಕಾಯಿ ಹೆಚ್ಚುತ್ತಾ ಹೇಳಿದಳು.

ಹೆತ್ತ ಒಬ್ಬಳೇ ಮಗಳು. ಅವಳ ಕೈಗೆ ಧಾರೆಯ ನೀರು ಬೆರಳು ತುಂಡಾದವನ ಹೆಂಡತಿ ಬಿಡುತ್ತಾಳೆ. ತಾನು ಮನೆಯಲ್ಲಿ ಕೂತಿರಬೇಕು. ದ್ಯಾವಮ್ಮನಿಗೆ ಭುಜದ ನೋವು ಮರೆತು ಹೋಯಿತು.

ಕೀಲು ಕೂರಿಸಿದ ವೈದ್ಯರು ಚಿಕ್ಕಮಗಳೂರಿನ ಒಂದು ಆಸ್ಪತ್ರೆಗೆ ವ್ಯಾಯಾಮಕ್ಕೆ ಕಳಿಸಿದರು, ವಾರಕ್ಕೆರಡು ಸಲ. ಅಲ್ಲಿದ್ದವಳು ಮೇಘಶ್ರೀ ಎಂಬ ಇಪ್ಪತ್ತೈದರ ಹುಡುಗಿ, ಫಿಸಿಯೋಥೆರಪಿ ಓದಿದವಳು. ಹಗ್ಗದ ರಾಟೆಗೆ ಕೈ ಕೊಟ್ಟು ಏರಿಸಿ ಇಳಿಸುವುದು, ಗೋಡೆಯ ಮೇಲೆ ಬೆರಳು ನಡೆಸುವುದು, ಒಟ್ಟು ಮುಕ್ಕಾಲು ಗಂಟೆ. ಮೊದಲ ದಿನ ಅರ್ಧ ಗಂಟೆಗೆ ದ್ಯಾವಮ್ಮ "ಹಸು ಕಟ್ಟೋ ಹಗ್ಗ ಕೊಟ್ಟು ಆಟ ಆಡಿಸ್ತೀಯಾ" ಎಂದು ಹಗ್ಗ ಬಿಸಾಡಿ ಹೋದಳು. ಎರಡನೇ ದಿನ ಹುಡುಗಿಯ ಕೆನ್ನೆಗೆ ಬಾರಿಸಿ ಹೋದಳು. ಮೂರನೇ ದಿನ ಎರಡು ಸೇರಿನ ಮರಳು ಚೀಲ ಎತ್ತಿ ಗೋಡೆಗನ್ನಡಿಗೆ ಎಸೆದಳು. ಗಾಜು ನೆಲದ ತುಂಬಾ ಚೆಲ್ಲಿತು, ಒಂದು ಚೂರು ಮೇಘಶ್ರೀಯ ಹುಬ್ಬು ಸೀಳಿತು. ಅವಳು ಕೈವಸ್ತ್ರದಿಂದ ರಕ್ತ ಒತ್ತಿಕೊಂಡು, ಬಾಗಿಲಿನ ಕಡೆ ತಿರುಗಿದ್ದ ದ್ಯಾವಮ್ಮನಿಗೆ ಹೇಳಿದಳು.

"ಅಮ್ಮಾ, ಬಚ್ಚಲು ಬಲಗಡೆ ಎರಡನೇ ಬಾಗಿಲು. ಹೋಗಿ ಬಂದು ಬೈಯಿರಿ."

ದ್ಯಾವಮ್ಮ ನಿಂತಳು. ಆಮೇಲೆ ಹೋದಳು. ಬಂದು ಮರದ ಬೆಂಚಿನ ತುದಿಯಲ್ಲಿ ಕೂತಳು.

"ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ಲ. ಇಪ್ಪತ್ತೈದನೇ ನಿಮಿಷಕ್ಕೆ ನಿಮ್ಮ ಮೊಣಕಾಲು ಒಂದರ ಮೇಲೊಂದು ಬೀಳುತ್ತೆ. ಮೂವತ್ತಕ್ಕೆ ನೀವು ಹೊಡೀತೀರಿ. ಮೂರು ದಿನವೂ ಅಷ್ಟೇ."

"ಹೊರಗೆ ಬಾಯಿ ಬಿಟ್ರೆ ನಾಲಿಗೆ ಕೀಳ್ತೀನಿ."

"ಕೀಳಿ. ಅದಕ್ಕೆ ಮೊದಲು ಈ ಹೊಟ್ಟೆಗೆ ಏನು ಕಟ್ಟಿದೀರಿ, ತೋರಿಸಿ."

ಪಟ್ಟಿ ಬಿಚ್ಚಿದಾಗ ಹೊಟ್ಟೆಯ ಮೇಲೆ ಎಂಟು ಬಾಸುಂಡೆ ಎದ್ದಿದ್ದವು, ಇಪ್ಪತ್ತು ವರ್ಷದವು. ಮೇಘಶ್ರೀ ಅವನ್ನು ಮುಟ್ಟಿ ನೋಡಿದಳು. ಆಮೇಲೆ ತಿಳಿಯುವ ಹಾಗೆ ಹೇಳಿದಳು. ಹೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಜೋಲಿ ಕಟ್ಟಿದ ಹಾಗೆ ಮಾಂಸಖಂಡಗಳಿವೆ. ಮೂತ್ರದ ಚೀಲ, ಗರ್ಭಕೋಶ, ಮಲದ ದಾರಿ ಎಲ್ಲಕ್ಕೂ ಅದೇ ಆಸರೆ. ಹೆರಿಗೆಯಲ್ಲಿ ಅದು ಹಿಗ್ಗಿ ಜೋತಿದೆ.

"ಮೂಟೆಯ ನಡುವನ್ನ ಹಗ್ಗ ಹಾಕಿ ಬಿಗಿದ್ರೆ ಒಳಗಿನ ಕಾಳು ಎಲ್ಲಿಗೆ ಹೋಗುತ್ತೆ ಹೇಳಿ?"

"ತಳಕ್ಕೆ."

"ತಳದ ಹೊಲಿಗೆ ಮೊದಲೇ ಸಡಿಲ. ನೀವು ಇಪ್ಪತ್ತು ವರ್ಷದಿಂದ ಅದರ ಮೇಲೆ ನೂಕ್ತಾ ಇದೀರಿ."

ದ್ಯಾವಮ್ಮ ಪಟ್ಟಿಯನ್ನು ಎಡಗೈಯಲ್ಲಿ ಮುದುರಿ ಹಿಡಿದಳು. ಮರಿಯಮ್ಮ ಆ ಹೊತ್ತಿಗೆ ಸತ್ತು ಏಳು ವರ್ಷವಾಗಿತ್ತು. ಬದುಕಿದ್ದರೆ ಅವತ್ತೇ ಹೋಗಿ ಕೊರಳಿಗೆ ಸುತ್ತುತ್ತಿದ್ದೆ ಎಂದಳು ನಮ್ಮೆದುರು. ಪಾಪ, ಮರಿಯಮ್ಮ ಕಲಿತದ್ದೇ ಅಷ್ಟು.

ಮೊದಲು ಹೆಂಗಸರ ವೈದ್ಯೆ ನೋಡಿದರು. ಸೋಂಕು ಇಲ್ಲ, ಗರ್ಭಕೋಶ ತುಸು ಜಾರಿದೆ, ಚಾಕು ಹಾಕುವ ಮಟ್ಟಕ್ಕಿಲ್ಲ, ವ್ಯಾಯಾಮ ಮಾಡಿ ನೋಡಲಿ ಎಂದರು. ಆಮೇಲೆ ಮೇಘಶ್ರೀ ಕೈಗವಸು ಹಾಕಿಕೊಂಡು, ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ ಎಂದು ಕೇಳಿ, ಪರೀಕ್ಷೆ ಮಾಡಿದಳು. ದ್ಯಾವಮ್ಮ ಒಪ್ಪಿದ್ದಳು. ಒಪ್ಪಿಯೂ ಒದ್ದಳು. ಹುಡುಗಿ ಗೋಡೆಗೆ ಬಡಿದು, ಎದೆ ಉಜ್ಜಿಕೊಂಡು, ಎದ್ದು ಬಂದಳು.

"ಇವತ್ತು ಬೇಡ ಅಂದ್ರೆ ಬಿಟ್ಟುಬಿಡ್ತೀನಿ."

"ಬೇಡ ಅಂದ್ನಾ? ಕಾಲು ತಾನಾಗೇ ಎದ್ದದ್ದು. ನೋಡು."

"ಸರಿ. ಈಗ ಉಚ್ಚೆನೂ ಗಾಳಿನೂ ಒಟ್ಟಿಗೇ ತಡೀತೀರಿ ಅಂದ್ಕೊಳ್ಳಿ. ತಡೀರಿ."

ದ್ಯಾವಮ್ಮ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಮುಖ ಕೆಂಪು ಮಾಡಿದಳು.

"ಇದೇ ತಪ್ಪು. ನೀವು ಮೇಲಕ್ಕೆ ಎಳೀತಿಲ್ಲ, ಕೆಳಕ್ಕೆ ಮುಕ್ತಾ ಇದೀರಿ. ಹೆರಿಗೆಯಲ್ಲಿ ಮುಕ್ಕಿದ ಹಾಗೆ."

ಅವಸರ ಬಂದಾಗಲೆಲ್ಲ ತಡೆಯುತ್ತೇನೆಂದುಕೊಂಡು ಅವಳು ಮಾಡಿದ್ದು ಅದೇ. ಮರಿಯಮ್ಮನ "ಮುಕ್ಕೇ" ಮೈಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಸರಿಯಾದ ಎಳೆತ ಸಿಗಲು ಮೂರು ವಾರ ಬೇಕಾಯಿತು. ಹೊಟ್ಟೆ ಬಿಗಿಯಬಾರದು, ತೊಡೆ ಒತ್ತಬಾರದು, ಉಸಿರು ಕಟ್ಟಬಾರದು. ಒಳಗಿನ ಜೋಲಿ ಮಾತ್ರ ಮೇಲೇಳಬೇಕು, ತಣ್ಣಗಿನ ಹಳ್ಳಕ್ಕೆ ಸೊಂಟದವರೆಗೆ ಇಳಿಯುವಾಗ ತಾನಾಗಿ ಎಳೆದುಕೊಳ್ಳುತ್ತದಲ್ಲ, ಹಾಗೆ. ಎಳೆದು ಹಿಡಿ, ಪೂರ್ತಿ ಬಿಡು. ಬಿಡುವುದೂ ಕೆಲಸವೇ. ಕೆಮ್ಮು ಬಂದರೆ, ಭಾರ ಎತ್ತುವುದಿದ್ದರೆ, ಮೊದಲು ಎಳೆದುಕೊ, ಆಮೇಲೆ ಕೆಮ್ಮು, ಆಮೇಲೆ ಎತ್ತು. ಅವಸರ ಹುಟ್ಟಿದರೆ ಓಡಬೇಡ, ನಿಂತು ಐದಾರು ಸಲ ಎಳೆದು ಬಿಡು, ಅವಸರ ಇಳಿದ ಮೇಲೆ ನಡೆದು ಹೋಗು. ಪ್ರತಿ ವಾರ ಕಾಲು ಗಂಟೆ ಮುಂದಕ್ಕೆ ಹಾಕು. ನೀರು ಕುಡಿ, ಕುಡಿಯದಿದ್ದರೆ ಉಚ್ಚೆ ಗಡಸಾಗಿ ಚೀಲವನ್ನು ಚುಚ್ಚುತ್ತದೆ. ಕಾಫಿ ಆರರಿಂದ ಒಂದು ಲೋಟಕ್ಕೆ ಇಳಿಸು, ಅದೂ ಚೀಲವನ್ನು ಕೆರಳಿಸುತ್ತದೆ.

ಉಳಿದದ್ದನ್ನೆಲ್ಲ ಕೇಳಿದ ದ್ಯಾವಮ್ಮ ಕೊನೆಯ ಮಾತಿಗೆ ಎದ್ದು ನಿಂತಳು. "ಕಾಫಿ ಬಿಡು ಅಂತ ಹೇಳೋಕೆ ಚಿಕ್ಕಮಗಳೂರಲ್ಲಿ ಕೂತಿದೀಯಾ? ನಿನ್ನ ಸಂಬಳ ಯಾವ ಗಿಡದಿಂದ ಬರುತ್ತೆ ಗೊತ್ತುಂಟಾ?"

"ಗೊತ್ತುಂಟು ಅಮ್ಮಾ. ಬೆಳೀರಿ, ಮಾರಿ. ನೀವು ಒಂದೇ ಲೋಟ ಕುಡೀರಿ."

ರೊಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿತ್ತು. ಎಡಗೈಯಲ್ಲಿ ಐದು ಹಣ್ಣು ಕೀಳುವವರೆಗೆ ಎಳೆದು ಹಿಡಿದಳು, ಐದು ಹಣ್ಣಿಗೆ ಬಿಟ್ಟಳು. ಐದು ಹತ್ತಾಯಿತು. ಸಾಲಿನಲ್ಲಿ ನಿಂತು ಅವಳು ಏನು ಮಾಡುತ್ತಿದ್ದಾಳೆಂದು ಪಕ್ಕದಲ್ಲಿದ್ದ ರುದ್ರಪ್ಪನಿಗೆ ಗೊತ್ತಾಗಲಿಲ್ಲ. ಒನಕೆಯ ಏಟಿನ ಮೇಲೆ ಇಬ್ಬರಿಗೂ ಮಾತಿರಲಿಲ್ಲ.

ಮಾರ್ಚಿನಲ್ಲಿ ಮನೆಗೆ ನೆಂಟರು ಬಂದಿದ್ದರು. ಗಂಟೆಯೊಂದರ ಮೇಲೆ ಕೂತೇ ಇದ್ದಳು, ಗೆದ್ದೆ ಅಂದುಕೊಂಡಳು. ಒಗ್ಗರಣೆಯ ಘಾಟಿಗೆ ಕೆಮ್ಮು ಬಂತು. ಎಳೆದುಕೊಳ್ಳಲು ಮರೆತಳು. ಚಾಪೆ ಒದ್ದೆಯಾದದ್ದನ್ನು ದೀಪಶ್ರೀ ಒಬ್ಬಳು ಕಂಡಳು. ನೆಂಟರು ಅಂಗಳ ದಾಟಿದ ಕೂಡಲೇ ದ್ಯಾವಮ್ಮ ಮಗಳ ಜುಟ್ಟು ಹಿಡಿದು ಗೋಡೆಗೆ ಬಡಿದಳು, ಎರಡು ಸಲ. ಕಂಡದ್ದಕ್ಕೆ ಬಡಿದದ್ದು. ಮೂರನೆಯ ಸಲಕ್ಕೆ ಮಗಳು ಅವಳ ಎರಡೂ ಕೈ ಹಿಡಿದು, ಬಲ ಭುಜ ಹಿಂದಕ್ಕೆ ತಿರುಚಿ, ನೆಲಕ್ಕೆ ಕೆಡವಿ ಮೇಲೆ ಕೂತಳು. ಇಬ್ಬರೂ ಏದುಸಿರು ಬಿಡುತ್ತಿದ್ದರು.

"ಎಷ್ಟು ವರ್ಷದಿಂದ ಅವ್ವ?"

ದ್ಯಾವಮ್ಮ ಮುಖ ತಿರುಗಿಸಿಕೊಂಡೇ ಹೇಳಿದಳು. ಹೆರಿಗೆ, ಮೂಟೆ, ಪಟ್ಟಿ, ಸಿದ್ದಗಂಗಮ್ಮನ ಹಲ್ಲು, ಬೆರಳು, ಎಲ್ಲವನ್ನೂ.

ಮಗಳಿಗೆ ಕನಿಕರ ಬರಲಿಲ್ಲ. ಕೋಪ ಬಂತು. "ನೀನು ಜಗಳಗಂಟಿ ಅನ್ನಿಸ್ಕಂಡೆ. ನಾನು ಜಗಳಗಂಟಿ ಮಗಳು ಅನ್ನಿಸ್ಕಂಡೆ. ಶಾಲೆಯಲ್ಲಿ ನನ್ನ ಪಕ್ಕ ಕೂರೋಕೆ ಹೆದರ್ತಿದ್ರು. ಒಂದು ಒದ್ದೆ ಸೀರೆಗಿಂತ ಅದು ಹಗುರಾನಾ?"



"ಎರಡು ಗಂಟೆ ಕೂತು ತೋರ್ಸು" ಎಂದಳು ದೀಪಶ್ರೀ ಎದ್ದು ಕೂದಲು ಕಟ್ಟಿಕೊಳ್ಳುತ್ತಾ. ಗೋಡೆಗೆ ಬಡಿದ ಜಾಗ ಊದುತ್ತಿತ್ತು. "ತೋರ್ಸಿದ್ರೆ ಧಾರೆ ನೀನೇ ಎರೀಬೇಕು. ಅಪ್ಪನಿಗೆ ನಾನು ಹೇಳ್ತೀನಿ."

ಏಪ್ರಿಲ್ ಕೊನೆಯ ಭಾನುವಾರ ದ್ಯಾವಮ್ಮ ಭತ್ತದ ಪೆಟ್ಟಿಗೆಯ ಮೇಲೆ ಕೂತಳು. ಮಗಳು ಎದುರಿಗೆ ಗಡಿಯಾರ ಇಟ್ಟುಕೊಂಡು ಕೂತಳು. ಒಂದು ಚೊಂಬು ನೀರು ಕುಡಿಸಿಯೇ ಕೂರಿಸಿದ್ದಳು. ಎರಡು ಗಂಟೆ ಹತ್ತು ನಿಮಿಷ. ಬೇಕೆಂದೇ ಮೂಗಿನ ಹತ್ತಿರ ಒಣಮೆಣಸು ಸುಟ್ಟಳು, ಮೂರು ಸಲ ಸೀನಿಸಿದಳು. ಸೀರೆ ಒಣಗಿತ್ತು.

ದೀಪಶ್ರೀ ಅಪ್ಪನಿಗೆ ತೋಟದಲ್ಲಿ ಹೇಳಿದಳು, ಮೆಣಸಿನ ಬಳ್ಳಿ ಕಟ್ಟುತ್ತಿದ್ದಾಗ. ರುದ್ರಪ್ಪ ಪೂರ್ತಿ ಕೇಳಿ, ಕೈಯಲ್ಲಿದ್ದ ಕತ್ತಿಯನ್ನು ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಹೊಡೆದ. ಮತ್ತೆ ಹೊಡೆದ. ಬಳ್ಳಿ ತುಂಡಾಗಿ ಜೋತಾಡಿದರೂ ನಿಲ್ಲಿಸಲಿಲ್ಲ. ಸಂಜೆ ಮನೆಗೆ ಬಂದು ಒನಕೆಯನ್ನು ಒಲೆಗೆ ಇಟ್ಟ. ಮಾರನೆಯ ದಿನ ವಸ್ತಾರೆಗೆ ಹೋಗಿ ಬೀಗರ ಕಾಲು ಹಿಡಿದ. ಅವರು ಅರೆಮನಸ್ಸಿನಿಂದ ಒಪ್ಪಿದರು, ಆದರೆ ಅವಳು ಧಾರೆಗೆ ಮೊದಲು ಎದ್ದು ಗಲಾಟೆ ತೆಗೆದರೆ ಮುದ್ದಮ್ಮನೇ ಎರೆಯಬೇಕು ಎಂದರು.

ಮದುವೆ ಮೂಡಿಗೆರೆಯ ಛತ್ರದಲ್ಲಿ. ಹನ್ನೊಂದೂ ಹತ್ತಕ್ಕೆ ಮುಹೂರ್ತ. ದ್ಯಾವಮ್ಮ ಒಂಬತ್ತೂಕಾಲಿಗೆ ಮಂಟಪದಲ್ಲಿ ಮಣೆಯ ಮೇಲೆ ಕೂತಳು. ಹೊಟ್ಟೆಗೆ ಪಟ್ಟಿ ಇಲ್ಲ. ಮುಂದೆ ಧಾರೆಯ ಗಿಂಡಿ. ಹಿಂದಿನ ಕುರ್ಚಿಗಳಲ್ಲಿ ನಮ್ಮೂರ ಗಂಡಸರು ಆಗಾಗ ವಾಚು ನೋಡುತ್ತಿದ್ದರು. ಅವಳ ಜಗಳದ ಹೊತ್ತು ಎಲ್ಲರಿಗೂ ಗೊತ್ತು. ಕಾರಣ ಯಾರಿಗೂ ಗೊತ್ತಿಲ್ಲ. ನಾನೂ ನೋಡಿದೆ, ಸುಳ್ಳು ಹೇಳುವುದಿಲ್ಲ.

ಜಯದೇವಪ್ಪ ಬೆಳಿಗ್ಗೆಯೇ ಕುಡಿದು ಬಂದಿದ್ದ. ಹೆಂಡತಿ ಮುದ್ದಮ್ಮನಿಗೆ ಹೊಸ ರೇಷ್ಮೆ ಸೀರೆ ಉಡಿಸಿ, ಇನ್ನೊಂದು ಗಿಂಡಿ ತುಂಬಿ ಕೈಯಲ್ಲಿ ಹಿಡಿಸಿ, ಕಂಬದ ಪಕ್ಕ ನಿಲ್ಲಿಸಿದ್ದ. ತಾನು ದ್ಯಾವಮ್ಮನ ಬೆನ್ನಿಗೇ ಕೂತ.

"ಏಳೇ ದ್ಯಾವಿ, ನಿನ್ನ ಹೊತ್ತಾಯ್ತು."

ಅವಳು ತಿರುಗಲಿಲ್ಲ.

"ಕತ್ತರಿ ತಂದಿಲ್ವಾ ಇವತ್ತು? ಬೆರಳು ಇನ್ನೂ ಎಂಟಿದಾವೆ. ತಗೋ."

ಮೊಂಡು ಬೆರಳನ್ನು ಅವಳ ಕೆನ್ನೆಗೆ ಒತ್ತಿ ಉಜ್ಜಿದ. ಅವಳ ಕುತ್ತಿಗೆಯ ನರ ಎದ್ದು ನಿಂತದ್ದು ನನಗೆ ದೂರದಿಂದಲೂ ಕಂಡಿತು. ಕೈ ತೊಡೆಯ ಮೇಲೆಯೇ ಇತ್ತು. ಹತ್ತೂಮುಕ್ಕಾಲು ದಾಟಿತು. ಹಸೆಗೆ ಹುಡುಗ ಹುಡುಗಿ ಬಂದು ನಿಂತರು. ಇವಳು ಎದ್ದೇಳುವುದಿಲ್ಲವೆಂದು ಜಯದೇವಪ್ಪನಿಗೆ ಖಾತ್ರಿಯಾಯಿತು. ಬಗ್ಗಿ ಗಿಂಡಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಆಗ ಅವಳ ಬಲ ಭುಜಕ್ಕೆ, ಕೀಲು ತಪ್ಪಿದ್ದ ಅದೇ ಜಾಗಕ್ಕೆ, ಮೊಣಕಾಲಿನಿಂದ ಗುದ್ದಿದ. ಗಿಂಡಿ ಉರುಳಿತು. ನೀರು ಚೆಲ್ಲಿತು.

ರುದ್ರಪ್ಪ ಹೆಂಡತಿಯ ಪಕ್ಕದಲ್ಲಿ ಪಂಚೆಯುಟ್ಟು ಕೂತಿದ್ದವನು ಮಾತಾಡದೆ ಎದ್ದ. ತಾನು ಕೂತಿದ್ದ ಮಣೆಯನ್ನೇ ಎತ್ತಿ ಅಣ್ಣನ ದವಡೆಗೆ ಬೀಸಿದ. ಜಯದೇವಪ್ಪ ಬಾಳೆಕಂದಿನ ಮೇಲೆ ಬಿದ್ದ, ಚಪ್ಪರದ ಒಂದು ಮೂಲೆ ಕುಸಿಯಿತು. ಅವನ ಭಾಮೈದುನರು ಮೂವರು ಏರಿ ಬಂದರು. ಬಿಡಿಸಲು ಹೋದ ಹುಡುಗನ ಸೋದರಮಾವನ ಮೂಗು ಒಡೆಯಿತು, ಆಮೇಲೆ ಅವರ ಕಡೆಯವರೂ ಇಳಿದರು. ಕುರ್ಚಿ ಹಾರಿದವು. ತೆಂಗಿನಕಾಯಿಯಿಂದ ಒಬ್ಬನ ತಲೆ ಒಡೆದರು, ಅಕ್ಷತೆಯ ತಟ್ಟೆ ಕೆಂಪಾಯಿತು. ವಾಲಗದವರು ನುಡಿಸುತ್ತಲೇ ಇದ್ದರು, ಗಲಾಟೆ ಜೋರಾದಷ್ಟೂ ಜೋರಾಗಿ. ಇಪ್ಪತ್ತು ವರ್ಷದಿಂದ ದ್ಯಾವಮ್ಮನನ್ನು ಜಗಳಗಂಟಿ ಎಂದವರೆಲ್ಲ ಒಬ್ಬರ ಅಂಗಿ ಒಬ್ಬರು ಹರಿಯುತ್ತಿದ್ದರು.

ಅವಳೊಬ್ಬಳು ಕೂತಿದ್ದಳು. ಭುಜದ ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ಅರಿಶಿನದ ಪುಡಿ ಎದ್ದು ಮೂಗಿಗೆ ಹೋಯಿತು. ಸೀನು ಬರುತ್ತಿದೆ ಎಂದು ಗೊತ್ತಾಗಿ ಕಣ್ಣು ಮುಚ್ಚಿದಳು, ಒಂದು ಗಳಿಗೆ ತಡೆದು, ಸೀನಿದಳು. ಆಮೇಲೆ ಕಣ್ಣು ಬಿಟ್ಟು ಮಣೆಯ ಕಡೆ ನೋಡಿಕೊಂಡಳು. ಮುಖ ಎತ್ತಿದಾಗ ದೀಪಶ್ರೀ ಅವಳನ್ನೇ ನೋಡುತ್ತಿದ್ದಳು. ತಾಯಿ ತಲೆಯಾಡಿಸಿದಳು.

"ಭಟ್ರೇ, ಮಂತ್ರ ಎಲ್ಲಿಗೆ ಬಂತು?"

ಭಟ್ಟರು ಹೋಮದ ಸೌದೆಯ ಹಿಂದೆ ಕುಕ್ಕರಿಸಿದ್ದರು. "ಧಾರೆಗೇ ಬಂದಿದೆ ತಾಯಿ. ನೀರು ಎಲ್ಲಿ? ಯಜಮಾನ್ರು ಎಲ್ಲಿ?"

"ಯಜಮಾನ್ರು ಬರ್ತಾರೆ. ನೀವು ಮುಂದುವರಿಸಿ."

ಕಂಬದ ಪಕ್ಕದಲ್ಲಿ ಮುದ್ದಮ್ಮ ತುಂಬಿದ ಗಿಂಡಿ ಹಿಡಿದು ನಿಂತೇ ಇದ್ದಳು. ಗಂಡ ನೆಲದಲ್ಲಿ ದವಡೆ ಹಿಡಿದು ಹೊರಳುತ್ತಿದ್ದ. ಅವಳು ಅವನನ್ನು ದಾಟಿಕೊಂಡು ಬಂದು ದ್ಯಾವಮ್ಮನ ಪಕ್ಕ ಬಗ್ಗಿದಳು.

"ತಗೊಳೇ. ಬೇಗ ಎರಿ ಮಾರಾಯ್ತಿ. ಒಂಬತ್ತು ಗಂಟೆಯಿಂದ ನಿಲ್ಲಿಸಿದಾನೆ, ನನ್ನ ಕೈಲಿ ಇನ್ನು ತಡ್ಕೊಳ್ಳೋಕಾಗಲ್ಲ. ನೀನು ಹೆಂಗೆ ಕೂತಿದೀಯೋ."

ದ್ಯಾವಮ್ಮ ಅವಳ ಮೊಣಕಾಲು ನೋಡಿದಳು. ಒಂದಕ್ಕೊಂದು ಒತ್ತಿಕೊಂಡಿದ್ದವು. ಗಿಂಡಿ ತೆಗೆದುಕೊಂಡಳು.

"ಹೋಗಿ ಬಾ ಅಕ್ಕ. ಯಾರಾದ್ರೂ ಕೇಳಿದ್ರೆ ನಾನು ಕಳ್ಸಿದ್ದು ಅನ್ನು."

ಮುದ್ದಮ್ಮ ರೇಷ್ಮೆ ಸೀರೆ ಎತ್ತಿಕೊಂಡು ಹಿಂದಿನ ಬಾಗಿಲಿಗೆ ಓಡಿದಳು. ಅಷ್ಟರಲ್ಲಿ ರುದ್ರಪ್ಪ ಜನರ ನಡುವೆ ನುಸುಳಿ ಬಂದ. ಜನಿವಾರದಂತೆ ಹಾಕಿದ್ದ ಶಲ್ಯ ಹರಿದಿತ್ತು, ತುಟಿ ಸೀಳಿತ್ತು. ಮಣೆ ಎಲ್ಲೋ ಹೋಗಿದ್ದರಿಂದ ಬರೀ ನೆಲದ ಮೇಲೆ ಕೂತು, ಹೆಂಡತಿಯ ನೋವಿನ ಭುಜಕ್ಕೆ ತನ್ನ ಎಡಗೈ ಆಸರೆ ಕೊಟ್ಟು, ಬಲಗೈಯಿಂದ ಗಿಂಡಿಯ ತಳ ಹಿಡಿದ.

"ಎತ್ತೋಕಾಗುತ್ತಾ?" ಎಂದ. ಆರು ತಿಂಗಳಲ್ಲಿ ಅವಳೊಂದಿಗೆ ಆಡಿದ ಮೊದಲ ಮಾತು.

"ಆಗುತ್ತೆ. ನೀವು ರಕ್ತ ಒರೆಸ್ಕೊಳ್ಳಿ, ಹುಡುಗಿ ಕೈ ಮೇಲೆ ಬಿದ್ದೀತು."

ಅವನು ತೋಳಿನಿಂದ ತುಟಿ ಒರೆಸಿಕೊಂಡ. ಅವಳು ಗಿಂಡಿ ಬಗ್ಗಿಸಿದಳು. ನೀರು ತೆಂಗಿನಕಾಯಿಯ ಮೇಲೆ, ಮಗಳ ಬೆರಳುಗಳ ಮೇಲೆ, ಸಣ್ಣಗೆ ಒಂದೇ ಸಮನೆ ಬಿತ್ತು. ಹನ್ನೊಂದೂ ಹದಿನೈದಾಗಿತ್ತು, ಅವಳು ಕೂತು ಎರಡು ಗಂಟೆ.